ಇನ್ನೂ ಇದೆ... ಮದರಾಸಿನಿಂದ ಬರುತ್ತಿದ್ದ ಉದ್ದ ಕತೆಗಳ ಕತೆ

ಉದ್ದುದ್ದದ ಫ್ಯಾಂಟಸಿ ಸರಣಿಗಳನ್ನು ಓದುವವರ ಬಾಯಲ್ಲಿ ಎರಡು ದೂರು ಕೇಳುತ್ತೇವೆ. "ಕತೆ ಮುಂದಕ್ಕೇ ಹೋಗ್ತಾ ಇಲ್ಲ ಮಾರಾಯ್ರೇ" ಅನ್ನುವುದು ಒಂದು. "ಪಾತ್ರಗಳು ಇದ್ದಲ್ಲೇ ಇವೆ, ಬೆಳೀತಾನೇ ಇಲ್ಲ" ಅನ್ನುವುದು ಇನ್ನೊಂದು. ರಾಬರ್ಟ್ ಜೋರ್ಡನ್ ಬರೆದ 'ವೀಲ್ ಆಫ್ ಟೈಮ್' 1990ರಲ್ಲಿ ಶುರುವಾಗಿ, 2003ರಲ್ಲಿ ಹತ್ತನೆಯ ಪುಸ್ತಕ ಬರುವ ಹೊತ್ತಿಗೆ ಅಭಿಮಾನಿಗಳೇ ತಲೆ ಚಚ್ಚಿಕೊಳ್ಳುತ್ತಿದ್ದರು. ಅಷ್ಟು ದಪ್ಪ ಪುಸ್ತಕ ಮುಗಿದರೂ ಕತೆ ಒಂದು ಹೆಜ್ಜೆ ಕದಲಿರಲಿಲ್ಲ. ಜಾರ್ಜ್ ಮಾರ್ಟಿನ್ ಅವರ ಓದುಗರ ಪಾಡು ಬೇರೆ ಥರ. 1996ರಲ್ಲಿ ಮೊದಲ ಪುಸ್ತಕ, 2011ರಲ್ಲಿ ಐದನೆಯದು, ಆಮೇಲೆ ಕಾಯುವುದೇ ಒಂದು ವ್ರತ.

ನಮ್ಮ ಮನೆಗಳ ಮಕ್ಕಳು ಇದನ್ನೆಲ್ಲ ಓದುತ್ತಾರೆ, ಬಿಸಿಬಿಸಿ ಚರ್ಚೆ ಮಾಡುತ್ತಾರೆ. ಕೇಳಿಸಿಕೊಳ್ಳುವಾಗ ನನಗೆ ಅನ್ನಿಸುವುದು ಇಷ್ಟೇ: ಈ ಕಾಯಿಲೆ ಹೊಸದಲ್ಲ, ಇದಕ್ಕೆ ಮದ್ದು ಕಂಡುಹಿಡಿದವರೂ ಇದ್ದರು. ಅವರು ನ್ಯೂಯಾರ್ಕಿನಲ್ಲೂ ಇರಲಿಲ್ಲ, ಲಂಡನ್ನಿನಲ್ಲೂ ಇರಲಿಲ್ಲ. ನಾವು ದಿನಾ ಬಸ್ಸಿನಲ್ಲಿ ದಾಟುವ ಆರ್ಕಾಟ್ ರಸ್ತೆಯ ಪಕ್ಕದಲ್ಲಿ, ವಡಪಳನಿಯಲ್ಲಿ ಕೂತು ತಿಂಗಳು ತಿಂಗಳೂ ಉದ್ದ ಕತೆ ಹೆಣೆಯುತ್ತಿದ್ದರು. ಅದನ್ನು ಕನ್ನಡದಲ್ಲಿ ಓದಿ ಬೆಳೆದವರು ನಾವು.

ಚಂದಮಾಮದ ಮಾತು ಅಂತ ನಿಮಗೆ ಗೊತ್ತಾಗಿರಬೇಕು.

ಚಂದಮಾಮ ಹುಟ್ಟಿದ್ದು 1947ರ ಜುಲೈನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಒಂದು ತಿಂಗಳು ಮುಂಚೆ. ಮೊದಲು ತೆಲುಗಿನಲ್ಲಿ, ಜೊತೆಗೇ ತಮಿಳಿನಲ್ಲಿ 'ಅಂಬುಲಿಮಾಮಾ' ಎಂಬ ಹೆಸರಿನಲ್ಲಿ. ಕನ್ನಡ ಚಂದಮಾಮ ಬಂದದ್ದು 1949ರಲ್ಲಿ. ಹಿಂದಿಯದೂ ಅದೇ ವರ್ಷ. ಆಮೇಲೆ ಮರಾಠಿ, ಮಲಯಾಳ, ಗುಜರಾತಿ, ಇಂಗ್ಲಿಷ್, ಒರಿಯಾ ಅಂತ ಸಾಲಾಗಿ ಬಂದವು. ಸ್ಥಾಪಕರು ಇಬ್ಬರು, ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ಇವರೇ ವಿಜಯಾ ಪ್ರೊಡಕ್ಷನ್ಸ್‌ನವರು. 1951ರ 'ಪಾತಾಳ ಭೈರವಿ', 1957ರ 'ಮಾಯಾಬಜಾರ್' ಮಾಡಿದವರು. ಡಾ. ರಾಜ್‌ಕುಮಾರ್ ಅಭಿನಯದ 1965ರ ನಮ್ಮ 'ಸತ್ಯ ಹರಿಶ್ಚಂದ್ರ' ಕೂಡ ಇದೇ ಸಂಸ್ಥೆಯದು. ಅಂದರೆ ನೋಡಿ, ಮಾಂತ್ರಿಕ, ಘಟೋದ್ಗಜ, ಮಾಯದ ಅರಮನೆ ಇವೆಲ್ಲ ಆ ಕಾಲಕ್ಕೆ ವಡಪಳನಿಯ ಗೃಹಕೈಗಾರಿಕೆಯೇ ಆಗಿತ್ತು. ಒಂದು ಕಡೆ ಸಿನಿಮಾ, ಇನ್ನೊಂದು ಕಡೆ ಪತ್ರಿಕೆ.

ಕರ್ನಾಟಕದ ಹಳ್ಳಿಯಲ್ಲಿ ಕೂತು ಚಂದಮಾಮ ಓದುವ ಹುಡುಗನಿಗೆ ಇದು ತೆಲುಗಿನಿಂದ ಬಂದದ್ದು, ಮದರಾಸಿನಲ್ಲಿ ಅಚ್ಚಾದದ್ದು ಎಂಬ ಯೋಚನೆಯೇ ಬರುತ್ತಿರಲಿಲ್ಲ. ಅದು ಕನ್ನಡದ್ದೇ. ಗುಜರಾತಿನ ಹುಡುಗನಿಗೂ ಹಾಗೇ, ಅದು ಗುಜರಾತಿಯದೇ. ಒಂದೇ ಚಿತ್ರ, ಒಂದೇ ಪುಟ ವಿನ್ಯಾಸ, ಅಕ್ಷರ ಮಾತ್ರ ಬೇರೆ. ಚಿತ್ರದ ಸುತ್ತ ಉಳಿದ ಜಾಗದಲ್ಲಿ ಕನ್ನಡದ ವಾಕ್ಯ ಹಿಡಿಸಬೇಕು, ಮಲಯಾಳದ ವಾಕ್ಯವೂ ಹಿಡಿಸಬೇಕು. ಹೀಗೆ ಬರೆಯುವವರಿಗೆ ಹರಟೆಗೆ ಅವಕಾಶ ಎಲ್ಲಿ? ಚಂದಮಾಮದ ಕನ್ನಡ ಅಷ್ಟು ಚೊಕ್ಕವಾಗಿ, ಉಪಮೆ-ಗಿಪಮೆ ಇಲ್ಲದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಈಗ ಧಾರಾವಾಹಿಗಳ ಕಡೆ ಬರೋಣ. 1954ರಲ್ಲಿ ತೆಲುಗು ಚಂದಮಾಮದಲ್ಲಿ 'ತೋಕಚುಕ್ಕ' ಎಂಬ ಧಾರಾವಾಹಿ ಶುರುವಾಯಿತು. ಅಂದರೆ ಬಾಲದ ಚುಕ್ಕಿ, ಧೂಮಕೇತು. ಕುಂಡಲಿನಿ ಎಂಬ ದ್ವೀಪ, ಸಮರಸೇನ ಎಂಬ ಸೇನಾನಿ, ಏಕಾಕ್ಷಿ, ಚತುರ್ನೇತ್ರ ಎಂಬ ಇಬ್ಬರು ಮಾಂತ್ರಿಕರು. ಅದಾದ ಮೇಲೆ 'ಮಕರದೇವತ', 'ಮುಗ್ಗುರು ಮಾಂತ್ರಿಕುಲು', 'ಕಂಚುಕೋಟ', 'ಜ್ವಾಲಾದ್ವೀಪಂ', 'ರಾಕಾಸಿ ಲೋಯ', 'ಪಾತಾಳದುರ್ಗಂ', 'ಶಿಥಿಲಾಲಯಂ', 'ರಾತಿರಥಂ', 'ಯಕ್ಷಪರ್ವತಂ', 'ಭಲ್ಲೂಕ ಮಾಂತ್ರಿಕುಡು', 'ಮಾಯಾಸರೋವರಂ'. ಒಟ್ಟು ಹನ್ನೆರಡು. 1978ರ ತನಕ ನಡೆದ ಈ ಹನ್ನೆರಡನ್ನೂ ಬರೆದವರು ಒಬ್ಬರೇ, ದಾಸರಿ ಸುಬ್ರಹ್ಮಣ್ಯಂ. 1952ರಲ್ಲಿ ಚಂದಮಾಮಕ್ಕೆ ಸೇರಿದವರು, 2006ರ ತನಕ ಅಲ್ಲೇ ಇದ್ದರು. ಅರ್ಧ ಶತಮಾನಕ್ಕೂ ಹೆಚ್ಚು ಒಂದೇ ಪತ್ರಿಕೆಯಲ್ಲಿ! ಆದರೆ ಆ ಧಾರಾವಾಹಿಗಳ ಮೇಲೆ ಅವರ ಹೆಸರು ಅಚ್ಚಾಗಲಿಲ್ಲ. ಚಿತ್ರ ಬರೆದವರ ಸಹಿ ಮೂಲೆಯಲ್ಲಿ ಕಾಣುತ್ತಿತ್ತು, 'ಚಿತ್ರಾ' ಅಂತ. ಕತೆ ಬರೆದವರದು ಇಲ್ಲ. ಕನ್ನಡಕ್ಕೆ ತಂದವರದೂ ಇಲ್ಲ.

ಒಂದು ತಿಂಗಳಿಗೆ ಕೆಲವೇ ಪುಟ, ಹೆಚ್ಚುಕಡಿಮೆ ಪುಟಕ್ಕೊಂದು ಚಿತ್ರ. ಹೀಗೆ ಎರಡು ವರ್ಷ, ಮೂರು ವರ್ಷ ಒಂದೇ ಕತೆ. 1961ರಲ್ಲಿ ಶುರುವಾದ 'ರಾಕಾಸಿ ಲೋಯ' ಸುಮಾರು ಮೂರು ವರ್ಷ ನಡೆಯಿತು. ಲೆಕ್ಕ ಹಾಕಿ ನೋಡಿ. ಎಂಟನೆಯ ವಯಸ್ಸಿನಲ್ಲಿ ಓದಲು ಶುರು ಮಾಡಿದವನು ಮುಗಿಸುವಾಗ ಹನ್ನೊಂದರ ಹುಡುಗ. ಅಷ್ಟರಲ್ಲಿ ಶಾಲೆ ಬದಲಾಗಿರಬಹುದು, ಊರು ಬದಲಾಗಿರಬಹುದು. ಕತೆಯ ನಾಯಕ ಮಾತ್ರ ಅದೇ ಕಾಡಿನಲ್ಲಿ ಅದೇ ಕತ್ತಿ ಹಿಡಿದು ನಿಂತಿದ್ದಾನೆ.

ಇಂಥ ಕತೆಯ ದೊಡ್ಡ ಶತ್ರು ಮಾಂತ್ರಿಕನೂ ಅಲ್ಲ, ರಾಕ್ಷಸನೂ ಅಲ್ಲ. ಮರೆವು. ಮೂವತ್ತು ದಿನಗಳ ಮರೆವು. ಹೋದ ತಿಂಗಳು ಏನಾಯಿತು ಅಂತ ಮಗುವಿಗೆ ನೆನಪಿರಬೇಕು. ಇನ್ನು ಎಷ್ಟೋ ಮಕ್ಕಳಿಗೆ ಹೋದ ತಿಂಗಳ ಸಂಚಿಕೆಯೇ ಸಿಕ್ಕಿರುವುದಿಲ್ಲ, ಪಕ್ಕದ ಮನೆಯವರು ಕೊಟ್ಟಿರುವುದಿಲ್ಲ. ಈ ಮರೆವಿನ ವಿರುದ್ಧ ಹೂಡಿದ ಉಪಾಯಗಳೇ ಆ ಧಾರಾವಾಹಿಗಳ ಶೈಲಿಯಾಗಿ ಬೆಳೆದವು.

ಮೊದಲ ಉಪಾಯ, ಪ್ರತಿ ಕಂತಿನ ತಲೆಯ ಮೇಲೆ ನಾಲ್ಕಾರು ಸಾಲಿನ ಹಿಂದಿನ ಕತೆ. ಕೊನೆಯಲ್ಲಿ 'ಇನ್ನೂ ಇದೆ' ಎಂಬ ಪುಟ್ಟ ಮಾತು. ಆ ಎರಡು ಶಬ್ದಗಳಿಗೆ ಇದ್ದ ಬಲ ಈಗಿನ ಯಾವ ಟ್ರೈಲರಿಗೂ ಇಲ್ಲ ಬಿಡಿ.

ಎರಡನೆಯದು ಹೆಸರು. ಏಕಾಕ್ಷಿ ಅಂದರೆ ಒಂಟಿಕಣ್ಣಿನವನು, ಚತುರ್ನೇತ್ರ ಅಂದರೆ ನಾಲ್ಕು ಕಣ್ಣಿನವನು. ಸಮರಸೇನ ಅಂದರೆ ಯುದ್ಧದವನು. 'ಯಕ್ಷಪರ್ವತಂ' ಕತೆಯಲ್ಲಿ ಖಡ್ಗವರ್ಮ ಮತ್ತು ಜೀವದತ್ತ. ಖಡ್ಗವರ್ಮನ ಕೈಯಲ್ಲಿ ಏನಿರುತ್ತದೆ ಅಂತ ಬೇರೆ ಹೇಳಬೇಕೆ? ಜೀವದತ್ತನ ಕೈಯಲ್ಲಿ ಮಂತ್ರದಂಡ. ಹೆಸರು ಓದಿದೊಡನೆ ಆಸಾಮಿ ಕಣ್ಣಮುಂದೆ. 'ವೀಲ್ ಆಫ್ ಟೈಮ್'ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಓದುಗರು ಪಟ್ಟಿ ಇಟ್ಟುಕೊಂಡೇ ಓದಬೇಕು. ಚಂದಮಾಮದ ಓದುಗನಿಗೆ ಪಟ್ಟಿ ಬೇಡ, ಹೆಸರೇ ಪಟ್ಟಿ.

ಮೂರನೆಯದು ಜೋಡಿ. ಒಬ್ಬ ನಾಯಕನ ಬದಲು ಇಬ್ಬರು. 'ಶಿಥಿಲಾಲಯಂ'ನಲ್ಲಿ ಶಿಖಿಮುಖಿ ಮತ್ತು ವಿಕ್ರಮಕೇಸರಿ, 'ಮಾಯಾಸರೋವರಂ'ನಲ್ಲಿ ಜಯಶೀಲ ಮತ್ತು ಸಿದ್ಧಸಾಧಕ. ಇದರ ಲಾಭ ದೊಡ್ಡದು. ಒಬ್ಬನೇ ಇದ್ದರೆ ಅವನ ಮನಸ್ಸಿನ ಒಳಗೆ ಹೋಗಬೇಕಾಗುತ್ತದೆ, "ಅವನು ಯೋಚಿಸಿದ, ಅವನಿಗೆ ಅನ್ನಿಸಿತು" ಅಂತ ಬರೆಯಬೇಕಾಗುತ್ತದೆ. ಆಗ ಕತೆಯ ನಡಿಗೆ ನಿಧಾನ. ಇಬ್ಬರಿದ್ದರೆ ಆ ಯೋಚನೆಯೆಲ್ಲ ಮಾತಾಗುತ್ತದೆ. ನಡೆಯುತ್ತ ಮಾತಾಡುತ್ತಾರೆ, ಮಾತಾಡುತ್ತಿರುವಾಗಲೇ ಪೊದೆಯಿಂದ ಏನೋ ಹಾರುತ್ತದೆ. ಗತಿ ಕೆಡುವುದಿಲ್ಲ.

ನಾಲ್ಕನೆಯದು ಚಿತ್ರಾ ಅವರ ಕುಂಚ. ಪಾತ್ರದ ಮುಖ, ಉಡುಪು, ಕಿರೀಟ, ಮಾಂತ್ರಿಕನ ಗಡ್ಡ ಎಲ್ಲ ಮೂರು ವರ್ಷವೂ ಒಂದೇ. ಅಕ್ಷರ ಬಾರದ ತಂಗಿಯೂ ಚಿತ್ರ ನೋಡಿ "ಇವನು ಅವನೇ" ಅಂತ ಹೇಳುತ್ತಿದ್ದಳು. ವರ್ಣನೆಗೆ ಖರ್ಚಾಗಬೇಕಿದ್ದ ಸಾಲುಗಳೆಲ್ಲ ಉಳಿದು ಘಟನೆಗೆ ಹೋದವು.

ಹಾಗಾದರೆ ಪಾತ್ರ ಬೆಳೆಯಿತೇ? ಇಲ್ಲ, ನಿಜ ಹೇಳಬೇಕು ಅಂದರೆ ಬೆಳೆಯಲಿಲ್ಲ. ಖಡ್ಗವರ್ಮ ಮೊದಲ ಕಂತಿನಲ್ಲೂ ಧೈರ್ಯವಂತ, ಕೊನೆಯ ಕಂತಿನಲ್ಲೂ ಧೈರ್ಯವಂತ. ಅವನಿಗೆ ಅನುಮಾನ ಬರುವುದಿಲ್ಲ, ವಯಸ್ಸಾಗುವುದಿಲ್ಲ, ಹಳೆಯ ಗೆಳೆಯನ ನೆನಪಿನಲ್ಲಿ ನಿದ್ದೆ ಕೆಡುವುದಿಲ್ಲ. ಬೆಳೆದದ್ದು ಓದುವವನು. ಹೋದ ವರ್ಷ ಹೆದರಿಸಿದ ರಾಕ್ಷಸ ಈ ವರ್ಷ ತಮಾಷೆಯಾಗಿ ಕಾಣುತ್ತಾನೆ. ನಾಯಕ ನಿಂತಲ್ಲೇ ನಿಂತಿರುವುದರಿಂದ ನಾವು ಎಷ್ಟು ಎತ್ತರವಾದೆವು ಅಂತ ತಿಳಿಯುತ್ತದೆ, ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಅದೇ ಪತ್ರಿಕೆಯಲ್ಲಿತ್ತು, ವಿಕ್ರಮ ಮತ್ತು ಬೇತಾಳ. ಸಂಸ್ಕೃತದ ಮೂಲದಲ್ಲಿ ಇರುವುದು ಇಪ್ಪತ್ತೈದು ಕತೆ. ಅಲ್ಲಿ ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಬೇತಾಳ ಮೆಚ್ಚುತ್ತದೆ, ಕಪಟ ಸನ್ಯಾಸಿಯ ಗುಟ್ಟು ಹೇಳುತ್ತದೆ, ಕತೆ ಮುಗಿಯುತ್ತದೆ. ಚಂದಮಾಮದಲ್ಲಿ ಮಾತ್ರ ಮುಗಿಯಲಿಲ್ಲ. ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವ ತನಕ ಪತ್ರಿಕೆಯ ಜೀವಾಳವಾಗಿದ್ದವರು. ಅವರ ಕಾಲದಲ್ಲಿ ಎಲ್ಲೆಲ್ಲಿಯದೋ ಜನಪದ ಕತೆಗಳನ್ನು ತಂದು ಬೇತಾಳನ ಬಾಯಿಗೆ ಹಾಕಿದರು. ಇಪ್ಪತ್ತೈದು ಹೋಗಿ ನೂರಾರಾಯಿತು. ಪ್ರತಿ ತಿಂಗಳು ರಾಜ ಮರ ಹತ್ತುತ್ತಾನೆ, ಹೆಣ ಹೆಗಲಿಗೆ ಹಾಕುತ್ತಾನೆ, ಕತೆ ಕೇಳುತ್ತಾನೆ, ಮೌನ ಮುರಿಯುತ್ತಾನೆ, ಹೆಣ ಮತ್ತೆ ಮರಕ್ಕೆ. ಶಂಕರ್ ಬರೆದ ಆ ಚಿತ್ರ, ಒಂದು ಕೈಯಲ್ಲಿ ಕತ್ತಿ, ಹೆಗಲಲ್ಲಿ ಹೆಣ, ನಮ್ಮ ತಲೆಮಾರಿನ ಅರ್ಧ ಜನರ ಕಣ್ಣಲ್ಲಿ ಅಚ್ಚಾಗಿದೆ.

ಅಂದರೆ ಒಂದೇ ಪತ್ರಿಕೆಯಲ್ಲಿ ಎರಡು ಗಡಿಯಾರ. ಬೇತಾಳದ್ದು ಸುತ್ತುವ ಗಡಿಯಾರ, ಯಾವ ತಿಂಗಳು ಬೇಕಾದರೂ ಹತ್ತಬಹುದು, ಇಳಿಯಬಹುದು. ದಾಸರಿಯವರ ಧಾರಾವಾಹಿ ಮುಂದಕ್ಕೆ ಹೋಗುವ ರೈಲು, ತಪ್ಪಿಸಿಕೊಂಡರೆ ತಪ್ಪಿತು. ಓದುಗನನ್ನು ಹಿಡಿದಿಡಲು ಎರಡೂ ಬೇಕಿತ್ತು.

ಮದರಾಸಿನಲ್ಲೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ದೊಡ್ಡವರಿಗಾಗಿ, ವಾರ ವಾರ. ರಾ. ಕೃಷ್ಣಮೂರ್ತಿ ಎಂಬ 'ಕಲ್ಕಿ' ಮತ್ತು ಟಿ. ಸದಾಶಿವಂ ಸೇರಿ 1941ರಲ್ಲಿ ಶುರು ಮಾಡಿದ 'ಕಲ್ಕಿ' ವಾರಪತ್ರಿಕೆ. ಅದರಲ್ಲಿ 1950ರಿಂದ 1954ರ ತನಕ 'ಪೊನ್ನಿಯಿನ್ ಸೆಲ್ವನ್' ಬಂತು, ಐದು ಭಾಗ. ಇದು ಫ್ಯಾಂಟಸಿ ಅಲ್ಲ, ಚೋಳರ ಕಾಲದ ಐತಿಹಾಸಿಕ ಕಾದಂಬರಿ. ಆದರೆ ಉದ್ದಕ್ಕೆ, ಪಾತ್ರಗಳ ಸಂಖ್ಯೆಗೆ, ಒಳಸಂಚುಗಳಿಗೆ ಅದು ಯಾವ ಫ್ಯಾಂಟಸಿ ಸರಣಿಗೂ ಕಡಿಮೆಯಿಲ್ಲ. 2022 ಮತ್ತು 2023ರಲ್ಲಿ ಮಣಿರತ್ನಂ ಎರಡು ಭಾಗದ ಸಿನಿಮಾ ಮಾಡಿದರು, ಕನ್ನಡಕ್ಕೂ ಡಬ್ ಆಗಿ ಬಂತು, ನೀವು ನೋಡಿರಬಹುದು.

ಕಲ್ಕಿಯವರಿಗೆ ಎದುರಾದ ಮರೆವು ಏಳು ದಿನಗಳದ್ದು. ಅಷ್ಟೇ ಆದ್ದರಿಂದ ಕೈಗೆ ಸ್ವಲ್ಪ ಬಿಡುವು ಸಿಕ್ಕಿತು. ವೀರಾಣಂ ಕೆರೆಯ ಏರಿಯ ಮೇಲೆ, ಆಡಿ ತಿಂಗಳ ಹಬ್ಬದ ದಿನ ವಂದಿಯದೇವ ಎಂಬ ಹುಡುಗ ಕುದುರೆ ಏರಿ ಬರುತ್ತಾನೆ. ಅವನು ರಾಜನಲ್ಲ, ಓಲೆ ಒಯ್ಯುವವನು. ಓಲೆಕಾರನನ್ನು ಮುಂದಿಟ್ಟದ್ದು ಗತಿಯ ದೃಷ್ಟಿಯಿಂದ ಬಹಳ ಜಾಣತನದ ಕೆಲಸ. ಓಲೆ ಒಯ್ಯುವವನು ಓಡುತ್ತಲೇ ಇರಬೇಕು, ಹೋದಲ್ಲೆಲ್ಲ ಹೊಸಬನಾಗಿರಬೇಕು. ಅವನಿಗೆ ಯಾರಾದರೂ ಹೇಳಿಕೊಟ್ಟರೆ ನಮಗೂ ಹೇಳಿಕೊಟ್ಟ ಹಾಗೆ. ಮೂರೂವರೆ ವರ್ಷ ಓದಿದ ಕತೆಯೊಳಗೆ ಕಳೆಯುವ ಕಾಲ ಒಂದು ವರ್ಷಕ್ಕಿಂತ ಕಡಿಮೆ. ಆದರೂ ಓಡಿದ ಹಾಗೆ ಅನ್ನಿಸುತ್ತದೆ.

ಮತ್ತೆ ಪಾತ್ರ? ವಂದಿಯದೇವ ಸ್ವಲ್ಪ ಬದಲಾಗುತ್ತಾನೆ, ಆದರೆ ಕಲ್ಕಿಯವರ ನಿಜವಾದ ಬೆಳೆ ನಂದಿನಿ. ಅವಳು ಯಾರು, ಯಾರ ಮಗಳು, ಯಾರನ್ನು ದ್ವೇಷಿಸುತ್ತಾಳೆ, ಯಾಕೆ ಅನ್ನುವುದನ್ನು ಎಳೆ ಎಳೆಯಾಗಿ ಬಿಚ್ಚುತ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ ನೋಡಿ. ಪಾತ್ರದ ಬೆಳವಣಿಗೆ ಅಂದರೆ ಪಾತ್ರ ಬದಲಾಗುವುದು ಅಂತಲೇ ಅಲ್ಲ. ಪಾತ್ರದ ಬಗ್ಗೆ ನಮಗಿರುವ ತಿಳಿವಳಿಕೆ ಬದಲಾಗುವುದೂ ಬೆಳವಣಿಗೆಯೇ. ನಂದಿನಿ ಇದ್ದ ಹಾಗೇ ಇದ್ದಾಳೆ, ನಾವು ಅವಳನ್ನು ನೋಡುವ ಕಣ್ಣು ಪ್ರತಿ ಭಾಗಕ್ಕೂ ಬೇರೆ. ಧಾರಾವಾಹಿಗೆ ಇದು ಹೇಳಿ ಮಾಡಿಸಿದ ದಾರಿ, ಯಾಕೆಂದರೆ ಪ್ರತಿ ಗುಟ್ಟೂ ಒಂದು ಕಂತಿನ ಕೊನೆಯಾಗಬಲ್ಲದು.

ಆದರೆ ಕೊನೆ ಕಷ್ಟ. ಕತೆ ಮುಗಿದಾಗ ಓದುಗರು ತೃಪ್ತರಾಗಲಿಲ್ಲ, ಅವರೇನಾದರು, ಇವರೇನಾದರು ಅಂತ ಕೇಳಿದರು. ಕಲ್ಕಿ ಕೊನೆಯಲ್ಲಿ ಒಂದು ಮುಗಿಮಾತು ಬರೆದು, ಯಾವ ಯಾವ ಪಾತ್ರ ಮುಂದೆ ಏನಾಯಿತು ಅಂತ ಉತ್ತರ ಕೊಡಬೇಕಾಯಿತು. ಅದೇ 1954ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕಲ್ಕಿಯವರ ಇನ್ನೊಂದು ಕಾದಂಬರಿ ಇಲ್ಲಿರುವ ಕನ್ನಡಿಗರಿಗೆ ಹೆಚ್ಚು ಹತ್ತಿರ, ಹೆಚ್ಚು ಇರುಸುಮುರುಸು ಕೂಡ. 1944ರಿಂದ 46ರ ತನಕ ಬಂದ 'ಶಿವಕಾಮಿಯಿನ್ ಶಪಥಂ'. ಅದರಲ್ಲಿ ವೈರಿ ಯಾರು? ನಮ್ಮ ಇಮ್ಮಡಿ ಪುಲಿಕೇಶಿ. ಹರ್ಷನನ್ನು ನರ್ಮದೆಯಲ್ಲೇ ತಡೆದವನು, ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ಕೊಂಡಾಡಿದವನು. ನಮ್ಮ ಪಾಠಪುಸ್ತಕದ ವೀರ ಇಲ್ಲಿ ಕಂಚಿಯ ಮೇಲೆ ದಂಡೆತ್ತಿ ಬಂದ ಕ್ರೂರಿ. ನಮ್ಮ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಾತಾಪಿಯ ಸೋಲು ಇಲ್ಲಿ ಇಡೀ ಕಾದಂಬರಿಯ ಗುರಿ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದದ್ದು ಚರಿತ್ರೆ, ಅವನ ಶಾಸನ ಈಗಲೂ ಬಾದಾಮಿಯ ಬಂಡೆಯ ಮೇಲಿದೆ.

ಆದರೆ ಕೋಪ ಮಾಡಿಕೊಳ್ಳುವ ಮುಂಚೆ ಕಲ್ಕಿ ಮಾಡಿದ ಒಂದು ಕೆಲಸ ನೋಡಬೇಕು. ಪುಲಿಕೇಶಿಗೆ ಅವನಂತೆಯೇ ಇರುವ ಒಬ್ಬ ಅಣ್ಣತಮ್ಮನನ್ನು ಕಲ್ಪಿಸಿದರು, ನಾಗನಂದಿ ಎಂಬ ಬೌದ್ಧ ಭಿಕ್ಷು. ಗೂಢಚಾರ, ಸಂಚುಗಾರ, ಜೊತೆಗೆ ಕಲೆಯನ್ನು ಕಂಡರೆ ಕರಗುವವನು, ಶಿವಕಾಮಿಯ ನಾಟ್ಯಕ್ಕೆ ಸೋತವನು. ಕಾದಂಬರಿಯಲ್ಲಿ ಅತ್ಯಂತ ಗೊಂದಲದ, ಅತ್ಯಂತ ಜೀವಂತ ಪಾತ್ರ ಅವನೇ. ನಾಯಕ ಮಾಮಲ್ಲನಿಗಿಂತ ಅವನು ಹೆಚ್ಚು ನೆನಪಿರುತ್ತಾನೆ. ಒಳ್ಳೆಯವರಿಗೆ ಬದಲಾಗುವ ಅಗತ್ಯ ಬೀಳುವುದಿಲ್ಲ, ಕೆಟ್ಟವನಿಗೇ ಒಳಗೆ ಜಗಳ ಇರುವುದು. ಇದು ಉದ್ದ ಕತೆಗಳ ಹಳೆಯ ನಿಯಮ. ಗತಿಯ ವಿಷಯದಲ್ಲೂ ಕಲ್ಕಿ ಇಲ್ಲಿ ಧೈರ್ಯ ತೋರಿದರು. ಶಿವಕಾಮಿ ವಾತಾಪಿಯಲ್ಲಿ ಶಪಥ ಮಾಡಿ ಕಾಯುವ ಒಂಬತ್ತು ವರ್ಷಗಳನ್ನು ಒಂದೇ ಹಾರಿಗೆ ದಾಟಿಬಿಟ್ಟರು. ಹಾರಿ ಇಳಿದಾಗ ಮಾಮಲ್ಲ ಹಳೆಯ ಪ್ರೇಮಿಯಲ್ಲ, ಮಕ್ಕಳೊಂದಿಗ ರಾಜ. ಆ ಒಂಬತ್ತು ವರ್ಷ ಬರೆದಿದ್ದರೆ ನಮಗೆ ಬೇಸರವಾಗುತ್ತಿತ್ತು. ಬರೆಯದೆ ಬಿಟ್ಟದ್ದರಿಂದ ಎದೆ ಹಿಂಡುತ್ತದೆ. ಹತ್ತನೆಯ ಪುಸ್ತಕದಲ್ಲಿ ಸಿಕ್ಕಿಬೀಳುವವರು ಕಲಿಯಬೇಕಾದ ಪಾಠ ಇದು: ಏನನ್ನು ಬರೆಯಬಾರದು ಎಂಬುದೂ ಗತಿಯೇ.

ಇನ್ನು ನಮ್ಮ ಹಿರಿಯಜ್ಜನ ಹತ್ತಿರ ಹೋಗೋಣ. ಗದುಗಿನ ಕುಮಾರವ್ಯಾಸ. ಹದಿನೈದನೆಯ ಶತಮಾನ, ಭಾಮಿನಿ ಷಟ್ಪದಿ, ಹತ್ತು ಪರ್ವ. ಅದನ್ನೂ ಜನ ಕಂತುಗಳಲ್ಲೇ ಕೇಳಿದರು, ಗಮಕಿ ಓದಿ, ಇನ್ನೊಬ್ಬರು ಅರ್ಥ ಹೇಳಿ, ದಿನಕ್ಕೆ ಇಷ್ಟು ಅಂತ. ಮಳೆಗಾಲದ ಸಂಜೆಗಳಲ್ಲಿ ಭಾರತ ಓದಿಸಿದ ಹಳ್ಳಿಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಆದರೆ ಅಲ್ಲಿ 'ಮುಂದೇನಾಯಿತು' ಅನ್ನುವ ಕುತೂಹಲವೇ ಇಲ್ಲ. ಎಲ್ಲರಿಗೂ ಗೊತ್ತು, ಕರ್ಣ ಸಾಯುತ್ತಾನೆ, ದುರ್ಯೋಧನನ ತೊಡೆ ಮುರಿಯುತ್ತದೆ. ಹಾಗಿದ್ದೂ ಜನ ನಾಳೆ ಮತ್ತೆ ಬರುತ್ತಾರೆ. ಯಾಕೆ? ಪಾತ್ರಕ್ಕಾಗಿ. ಕೊನೆ ಗೊತ್ತಿರುವ ಕತೆಯಲ್ಲಿ ಕೇಳುಗನನ್ನು ಹಿಡಿಯುವುದು ಪಾತ್ರ ಒಂದೇ.

ಉತ್ತರಕುಮಾರನನ್ನು ನೆನಪಿಸಿಕೊಳ್ಳಿ. ಹೆಂಗಸರ ಮುಂದೆ ಜಂಬ, ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಟ, ಅರ್ಜುನ ಹಿಡಿದು ತಂದ ಮೇಲೆ ಅವನಿಗೇ ಸಾರಥಿ. ಒಂದು ಮಧ್ಯಾಹ್ನದಲ್ಲಿ ಒಬ್ಬ ಹುಡುಗ ಇಷ್ಟು ದೂರ ನಡೆದ. ಇನ್ನು ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಒಂಟಿಯಾಗಿ ಕರೆದು ಜನ್ಮದ ಗುಟ್ಟು ಹೇಳುವ ಜಾಗ. ಆ ಗುಟ್ಟು ಮೊದಲೇ ಹೇಳಿದ್ದರೆ ಯುದ್ಧವೇ ಇಲ್ಲ, ಯುದ್ಧ ಮುಗಿದ ಮೇಲೆ ಹೇಳಿದ್ದರೆ ಬರೀ ಸುದ್ದಿ. ಸರಿಯಾಗಿ ಆ ಹೊತ್ತಿಗೆ ಹೇಳಿದ್ದರಿಂದ, ಅಲ್ಲಿಂದ ಮುಂದೆ ಕರ್ಣ ಎತ್ತುವ ಪ್ರತಿ ಬಾಣಕ್ಕೂ ಬೇರೆ ತೂಕ. ಗತಿ ಮತ್ತು ಪಾತ್ರ ಎರಡು ಬೇರೆ ವಿಷಯ ಅಂತ ವಾದ ಮಾಡುವವರು ಈ ಒಂದು ಜಾಗ ನೋಡಿದರೆ ಸಾಕು. ಸರಿಯಾದ ಹೊತ್ತಿಗೆ ಬಿದ್ದ ಪೆಟ್ಟೇ ಪಾತ್ರವನ್ನು ಬೆಳೆಸುವುದು.

ಅಂದ ಹಾಗೆ ಕುಮಾರವ್ಯಾಸನೂ ಪೂರ್ತಿ ಹದಿನೆಂಟು ಪರ್ವ ಬರೆಯಲಿಲ್ಲ. ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಬರೆದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಈಚೆಗೆ ನಡೆದದ್ದೂ ಅದೇ ಅಲ್ಲವೇ? ಜೋರ್ಡನ್ 2007ರಲ್ಲಿ ತೀರಿಕೊಂಡರು, ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಇನ್ನೊಬ್ಬರು ಮೂರು ಪುಸ್ತಕ ಬರೆದು 2013ರಲ್ಲಿ ಹದಿನಾಲ್ಕನೆಯದಕ್ಕೆ ಮಂಗಳ ಹಾಡಿದರು. ವ್ಯತ್ಯಾಸ ಒಂದೇ. ಅಲ್ಲಿ ಓದುಗರು ಕೊನೆಗಾಗಿ ಕಾದರು. ನಮ್ಮವರು ತಿಮ್ಮಣ್ಣನಿಗಾಗಿ ಕಾಯಲಿಲ್ಲ, ಇವತ್ತಿಗೂ ಹೆಚ್ಚು ಓದುವುದು ಕುಮಾರವ್ಯಾಸನನ್ನೇ. ಪಾತ್ರ ಕೈಹಿಡಿದರೆ ಕೊನೆ ಇಲ್ಲದಿದ್ದರೂ ಕತೆ ಉಳಿಯುತ್ತದೆ. ನಮ್ಮಲ್ಲಿ ಇದಕ್ಕೆ ತೀರ ಇನ್ನೊಂದು ತುದಿಯೂ ಇದೆ. 1979ರ 'ಪರ್ವ'ದಲ್ಲಿ ಭೈರಪ್ಪನವರು ಮಂತ್ರ, ಮಾಯೆ, ವರ, ಶಾಪ ಎಲ್ಲ ತೆಗೆದುಹಾಕಿ ಬರೀ ಮನುಷ್ಯರ ಮನಸ್ಸನ್ನು ಇಟ್ಟರು. ಒಂದು ಕಡೆ ಮನಸ್ಸೇ ಇಲ್ಲದ ಮಾಯೆ, ಇನ್ನೊಂದು ಕಡೆ ಮಾಯೆಯೇ ಇಲ್ಲದ ಮನಸ್ಸು. ಎರಡರ ನಡುವೆ ಗದುಗಿನವನು ಹಾಯಾಗಿ ಕೂತಿದ್ದಾನೆ.

ಇಷ್ಟೆಲ್ಲ ಹೇಳಿದ್ದು ಚಂದಮಾಮವನ್ನು ಕೀಳು ಮಾಡಲಿಕ್ಕಲ್ಲ. ಅದು ಮಾಡಿದ ಕೆಲಸವೇ ಬೇರೆ. ಆ ಧಾರಾವಾಹಿಗಳು 1978ರ ಹೊತ್ತಿಗೆ ನಿಂತವು. ಚಿತ್ರಾ ಅವರೂ ಆ ದಶಕದ ಕೊನೆಯಲ್ಲೇ ತೀರಿಕೊಂಡರು, ಅದಕ್ಕೂ ಮುಂಚೆ 1975ರಲ್ಲಿ ಚಕ್ರಪಾಣಿ. ಆಮೇಲೆ ಆ ಜಾಗಕ್ಕೆ ಪುರಾಣದ ಕತೆಗಳು ಬಂದವು. 1998ರಲ್ಲಿ ಪತ್ರಿಕೆಯೇ ನಿಂತು, ಸುಮಾರು ಒಂದು ವರ್ಷದ ಮೇಲೆ ಮತ್ತೆ ಶುರುವಾಯಿತು. 2004ರಲ್ಲಿ ನಾಗಿರೆಡ್ಡಿ ಹೋದರು. 2007ರಲ್ಲಿ ಮುಂಬಯಿಯ ಜಿಯೋಡೆಸಿಕ್ ಎಂಬ ಕಂಪನಿ ಕೊಂಡುಕೊಂಡಿತು. 2013ರಲ್ಲಿ ಚಂದಮಾಮ ಪೂರ್ತಿ ನಿಂತಿತು. ಅದೇ ವರ್ಷ, ಹಳೆಯ ವಿಜಯಾ-ವಾಹಿನಿ ಸ್ಟುಡಿಯೋದ ನೆಲದ ಮೇಲೆ ದೊಡ್ಡ ಮಾಲ್ ಬಾಗಿಲು ತೆರೆಯಿತು. ಮಾಯಾಬಜಾರ್ ಇದ್ದಲ್ಲಿ ನಿಜವಾದ ಬಜಾರು!

ದಾಸರಿ ಸುಬ್ರಹ್ಮಣ್ಯಂ 2010ರ ಜನವರಿಯಲ್ಲಿ ತೀರಿಕೊಂಡರು. ತೆಲುಗಿನ ಹಳೆಯ ಓದುಗರು ಹಳೆಯ ಸಂಚಿಕೆ ಹುಡುಕಿ, ಬರೆದವರು ಯಾರು ಅಂತ ಎಲ್ಲರಿಗೂ ತಿಳಿಸಿ, ಆ ಧಾರಾವಾಹಿಗಳನ್ನು ಪುಸ್ತಕ ಮಾಡಿಕೊಂಡರು. ಕನ್ನಡಕ್ಕೆ ತಂದ ಆ ಹೆಸರಿಲ್ಲದ ಕೈಗಳಿಗೂ ಅಂಥ ಒಂದು ದಿನ ಬರಬೇಕು. ಎಷ್ಟೋ ಲಕ್ಷ ಕನ್ನಡ ಮಕ್ಕಳಿಗೆ ಒಂದು ಪುಟ ತಿರುವಿದರೆ ಇನ್ನೊಂದು ಪುಟ ಓದಬೇಕು ಅನ್ನಿಸುವ ಹಾಗೆ ಬರೆದವರು ಅವರು.

ನಮ್ಮಂಥ ಹೊರನಾಡಿನವರಿಗೆ ಇದು ಇನ್ನೂ ಹೆಚ್ಚು ತಟ್ಟುವ ವಿಷಯ. ಮದರಾಸಿನ ಕನ್ನಡ ಮನೆಗಳಲ್ಲಿ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಮಾತು ಉಳಿಯುತ್ತದೆ, ಅಕ್ಷರ ಜಾರುತ್ತದೆ. ಕಾಗುಣಿತ ಕಲಿಸಲು ಎಷ್ಟು ಗದರಿದರೂ ಕೂರದ ಮಗು, ಮಾಂತ್ರಿಕ ಗುಹೆಯ ಬಾಗಿಲು ತೆಗೆದನೇ ಇಲ್ಲವೇ ಅಂತ ತಿಳಿಯಲು ಒತ್ತಕ್ಷರ ಒತ್ತಿ ಒತ್ತಿ ಓದುತ್ತಿತ್ತು. ಒಂದು ಕಂತಿಗೆ ಕೂತದ್ದು ಮೂವತ್ತು ಕಂತಿಗೆ ಕೂತಿತು. ಅಷ್ಟು ಹೊತ್ತಿಗೆ ಓದು ಬಂದಿತ್ತು. ದೊಡ್ಡ ಪುಸ್ತಕ ಒಮ್ಮೆಗೇ ಕೊಟ್ಟಿದ್ದರೆ ಹೆದರಿ ಓಡುತ್ತಿತ್ತು. ತಿಂಗಳಿಗೆ ಕೆಲವೇ ಪುಟ ಎಂಬ ಆ ನಿಧಾನದ ಗತಿಯೇ ಅಕ್ಷರ ಕಲಿಸಿತು. ಆ ಕತೆಗಳಲ್ಲಿ ಪಾತ್ರ ಬೆಳೆಯಲಿಲ್ಲ ಅನ್ನುವವರಿಗೆ ನನ್ನ ಉತ್ತರ ಇದು. ಬೆಳೆದ ಪಾತ್ರ ಪುಸ್ತಕದ ಹೊರಗಿತ್ತು, ಚಾಪೆಯ ಮೇಲೆ ಬೋರಲು ಮಲಗಿ ಓದುತ್ತಿತ್ತು.

ಈಗಿನ ಮಕ್ಕಳು ಏಳು ಸಾವಿರ ಪುಟದ ಇಂಗ್ಲಿಷ್ ಸರಣಿ ಓದುತ್ತಾರೆ, ಸಂತೋಷವೇ. ಅದೇ ಮಕ್ಕಳು ಕನ್ನಡದ ಒಂದು ಬೋರ್ಡು ಓದಲು ತಡವರಿಸುತ್ತಾರೆ. ಉದ್ದ ಕತೆ ಓದುವ ತಾಳ್ಮೆ ಅವರಿಗಿಲ್ಲ ಅಂತಲ್ಲ, ಕನ್ನಡದಲ್ಲಿ ಅವರ ಕೈಗೆ ತಿಂಗಳು ತಿಂಗಳೂ ಬರುವ 'ಇನ್ನೂ ಇದೆ' ಇಲ್ಲ. ನಮ್ಮಲ್ಲಿ ಬರೆಯುವವರಿದ್ದಾರೆ, ಚಿತ್ರ ಬಿಡಿಸುವವರಿದ್ದಾರೆ. ವಡಪಳನಿಯವರು ಬಿಟ್ಟುಹೋದ ಉಪಾಯಗಳು ಕಣ್ಣಮುಂದೆಯೇ ಇವೆ: ನೆನಪಿರುವ ಹೆಸರು, ನಡೆಯುತ್ತ ಮಾತಾಡುವ ಇಬ್ಬರು ಗೆಳೆಯರು, ಪುಟಕ್ಕೊಂದು ಚಿತ್ರ, ಕೊನೆಯಲ್ಲಿ ಒಂದು ಅಪಾಯ. ಜೊತೆಗೆ ಗದುಗಿನವನಿಂದ ಒಂದಿಷ್ಟು ಮನಸ್ಸು ಸಾಲ ತಂದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಚಂದಮಾಮ ಇದ್ದರೆ ರದ್ದಿಗೆ ಹಾಕಬೇಡಿ. ಕೆಳಗಿಳಿಸಿ, ಧೂಳು ಕೊಡವಿ, ಮಕ್ಕಳಿಗೆ ಒಂದೇ ಒಂದು ಕಂತು ಗಟ್ಟಿಯಾಗಿ ಓದಿ ಹೇಳಿ. ಎರಡನೆಯದನ್ನು ಮಾತ್ರ ನೀವು ಓದಬೇಡಿ, ಪುಸ್ತಕ ಅವರ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡಿ.